ನೊರೆ ತಿರುಗಿದ ಜಾಗ

ವಿದ್ಯಾನಗರ, ದಾವಣಗೆರೆ
೧೪ ಜುಲೈ ೨೦೨೪

ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಒಂದು ಮಾತನ್ನು ಬಿಟ್ಟೇ ಈ ಪತ್ರ ಮುಗಿಸುವವಳಿದ್ದೆ. ನಿಮ್ಮ ಮಂಡಿನೋವು, ಚಿಕ್ಕಮ್ಮನ ಕಣ್ಣಿನ ಆಪರೇಷನ್, ನಾಟಿಗೆ ಆಳು ಸಿಕ್ಕರೋ ಇಲ್ಲವೋ, ಇಷ್ಟನ್ನು ಕೇಳಿ ಸಹಿಯನ್ನೂ ಹಾಕಿದ್ದೆ. ಆ ಹಾಳೆ ಹರಿದು ಮತ್ತೆ ಬರೆಯುತ್ತಿದ್ದೇನೆ. ಬಿಡಲಿದ್ದ ಮಾತು ಇದು: ಮಾರಪ್ಪ ಹೊಳೆಯಲ್ಲಿ ಮುಳುಗಿ ಹೋದ ದಿನ ನೀವು ಅಲ್ಲಿದ್ದಿರಾ?

ಫೋನಿನಲ್ಲಿ ಕೇಳಬಹುದಿತ್ತು. ನಿಮಗೆ ಕೇಳಿಸುವ ಹಾಗೆ ಕೂಗಿದರೆ ಚಿಕ್ಕಮ್ಮನಿಗೂ ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಅಲ್ಲದೆ ನಾವಿಬ್ಬರೂ ಮೊದಲಿನಿಂದ ಕಾಗದದಲ್ಲೇ ಮಾತಾಡಿದವರು. ನಾನು ಹಾಸ್ಟೆಲಿನಲ್ಲಿದ್ದಾಗ ನೀವು ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದಿರಿ. ಬೇರೆ ಹುಡುಗಿಯರಿಗೆ ಮನೆಯ ಸುದ್ದಿ ಬಂದರೆ ನನಗೆ ಹೊಳೆಯ ಸುದ್ದಿ ಬರುತ್ತಿತ್ತು. ‘ನೀರು ಕೆಂಪಾತು.’ ‘ದಸರಾ ಆದಮೇಲೆ ನೀರು ಇಳಿದು ಹಸಿರಾತು, ಮೀನು ದಂಡೆ ಬಿಟ್ಟವು.’

ಪೊಲೀಸರಿಗೆ ನೀವು ಕೊಟ್ಟ ಹೇಳಿಕೆ ಏನೆಂದು ಮಾರಪ್ಪನ ಮಗ ಪರಶುರಾಮ ಹೇಳಿದ. ದಂಡೆಯ ಹೊಲ ನಿಮ್ಮದಾದ್ದರಿಂದ ನಿಮ್ಮನ್ನು ಕೇಳಿದ್ದಾರೆ. ಮೀನು ಹಿಡಿಯಬಾರದ ತಿಂಗಳಲ್ಲಿ ಕದ್ದು ಬಲೆ ಹಾಕಲು ಹೋಗಿದ್ದ, ಕುಡಿದಿದ್ದ, ಜಾರಿದ, ನಾನು ಮನೆಯಲ್ಲಿದ್ದೆ ಎಂದಿದ್ದೀರಂತೆ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಬರೆದರೆ ನನಗಾದರೂ ಸ್ಪಷ್ಟವಾದೀತು. ಅವತ್ತು ಭಾನುವಾರ. ಭಾನುವಾರ ಬೆಳಿಗ್ಗೆ ನೀವು ಮೊಪೆಡ್ ಹತ್ತಿ ‘ಹೊಲಕ್ಕೆ’ ಹೋಗುತ್ತೀರಿ. ಗಾಳದ ಕೋಲು ಪಂಪ್‌ಸೆಟ್ ಮನೆಯಲ್ಲಿರುತ್ತದೆ. ಮಾರಪ್ಪ ಜೊತೆಗಿರುತ್ತಾನೆ. ಲಿಂಗವಂತರ ಮನೆಯಲ್ಲಿ ಹುಟ್ಟಿ ಮೀನಿನ ಚಪಲ ಹತ್ತಿತಲ್ಲ ಎಂದು ಅಜ್ಜಿ ಅತ್ತಾಗ ನೀವು ಎರಡು ಮಾತು ಕೊಟ್ಟಿದ್ದಿರಿ: ಕೊಲ್ಲುವುದಿಲ್ಲ, ಕೈಯಿಂದ ಮುಟ್ಟುವುದಿಲ್ಲ. ಅದಕ್ಕೇ ನೀವು ಗಾಳ ಹಾಕುತ್ತೀರಿ. ಮೀನು ದಣಿದ ಮೇಲೆ ಮಾರಪ್ಪ ನೀರಿಗಿಳಿದು, ಗಾಳ ಬಿಡಿಸಿ, ಮೀನನ್ನು ಅಲ್ಲೇ ಬಿಡುತ್ತಾನೆ. ನಾನು ಒಂಬತ್ತು ವರ್ಷದವಳಿದ್ದಾಗಲೂ ಹಾಗೆಯೇ ಇತ್ತು. ‘ಗೌಡ್ರು ಹಿಡಿಯೋದು, ನಾನು ಬಿಡೋದು, ಮೀನಿಗೆ ಮಾತ್ರ ಯಾಕ ಬೇಕಿತ್ತು ಈ ಓಡಾಟ’ ಎಂದು ಅವನು ನಗುತ್ತಿದ್ದ.

ಬಲೆಯೇ ಕಸುಬಾದ ಮಾರಪ್ಪ ಹೊಸ ನೀರಿಗೆ ಬಲೆ ಹಾಕುವವನೇ ಅಲ್ಲ. ಕೆಂಪು ನೀರಿನಲ್ಲಿ ಬಲೆಗೆ ಬರುವುದು ಕೊಂಬೆ ಮಾತ್ರ ಎಂದು ಅವನೇ ಹೇಳುತ್ತಿದ್ದ.

ಇದ್ದಿರಾ, ಇರಲಿಲ್ಲವಾ? ಒಂದು ಸಾಲು ಬರೆಯಿರಿ, ಸಾಕು.

ನಿಮ್ಮ
ವಾಣಿ


ಕೊಕ್ಕನೂರು
೪ ಆಗಸ್ಟ್ ೨೦೨೪

ಚಿ. ಸೌ. ವಾಣಿಗೆ ಶಿವಮೂರ್ತಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಸಿಟ್ಟಿನಾಗೆ ಬರೆದೀಯ ಅಂತ ಅಕ್ಷರದಾಗೇ ಗೊತ್ತಾತು. ನಿನ್ನನ್ನ ಕಾನ್ವೆಂಟಿಗೆ ಹಾಕಿದ್ದು ನಿಮ್ಮಪ್ಪ, ಕನ್ನಡ ತಿದ್ದಿಸಿದ್ದು ನಾನು. ಈಗ ಅದೇ ಅಕ್ಷರದಾಗೆ ನನ್ನ ವಿಚಾರಣೆ ಮಾಡ್ತೀಯ. ಆಗ್ಲಿ.

ನಾಟಿ ಮುಗೀತು. ನಿಮ್ಮ ಚಿಕ್ಕಮ್ಮನ ಕಣ್ಣು ಈಗ ಎಷ್ಟು ಚಲೋ ಆಗೈತೆ ಅಂದ್ರೆ ನನ್ನ ಅಂಗಿ ಮ್ಯಾಲಿನ ಕಲೆ ಎಲ್ಲಾ ಕಾಣ್ತಾವೆ ಅಂತ ಬಯ್ತಾಳೆ. ಹೊಳೆ ತುಂಬಿ ಬಂದಿತ್ತು, ನಮ್ಮ ಹೊಲದ ಅರ್ಧಕ್ಕೆ ನಿಂತಿತ್ತು, ಈಗ ಇಳೀತಾ ಐತೆ.

ಮಾರಪ್ಪಂದು ಅವನ ಹಣೆಬರ. ಹೊಸ ನೀರು, ಕೆಂಪಗೆ ಚಾ ಇದ್ದಂಗೆ. ಅದ್ರಾಗೆ ಯಾರಿಗೆ ಏನು ಕಾಣ್ತೈತೆ? ದೇವ್ರೇ ಇಳಿದಿದ್ರೂ ಜಾರ್ತಿದ್ದ. ನಾನು ಹೇಳಿದ್ದು ಊರಾಗೆ ಜನ ಮಾತಾಡಿದ್ದನ್ನ. ಅವನು ಕುಡೀತಿದ್ದಿಲ್ಲ ಅಂತ ನೀನಾರ ಹೇಳ್ತೀಯೇನು?

ಮಠದ ಸಮಿತಿ ಕೆಲಸ ಜಾಸ್ತಿ ಆಗೈತೆ. ಅಧ್ಯಕ್ಷ ಮಾಡ್ಯಾರೆ. ಹೊಳೆ ಕಡೆ ಹೋಗೋದು ಬಿಟ್ಟೀನಿ. ಶ್ರಾವಣ ಮುಗಿಯೋದ್ರೊಳಗೆ ಬಂದು ಹೋಗು. ಚಿಕ್ಕಮ್ಮ ಕರ್ಜಿಕಾಯಿ ಮಾಡ್ತಾಳಂತೆ.

ಇಂತಿ
ಶಿವಮೂರ್ತಪ್ಪ


ವಿದ್ಯಾನಗರ, ದಾವಣಗೆರೆ
೨೨ ಸೆಪ್ಟೆಂಬರ್ ೨೦೨೪

ಚಿಕ್ಕಪ್ಪನವರಿಗೆ,

ನಾನು ಒಂದು ಸಾಲು ಕೇಳಿದ್ದೆ. ನೀವು ಎರಡು ಪುಟ ಬರೆದು ಆ ಸಾಲೊಂದನ್ನೇ ಬಿಟ್ಟಿರಿ.

ಮೊನ್ನೆ ಮಾರಪ್ಪನ ಹೆಂಡತಿ ಓಬವ್ವ ಬಂದಿದ್ದಳು. ಬಸ್ಸಿಳಿದು ನಮ್ಮ ಕಾಲೇಜಿನ ಹೆಸರು ಹೇಳಿ ಕೇಳಿಕೊಂಡು ಮನೆ ಹುಡುಕಿದ್ದಾಳೆ. ಒಳಗೆ ಬಾ ಎಂದರೆ ‘ಇಲ್ಲೇ ಗಾಳಿ ಚಲೋ ಐತೆ ಬಿಡವ್ವ’ ಎಂದು ಮೆಟ್ಟಿಲ ಮೇಲೆ ಕೂತಳು. ನಾನೂ ಮೆಟ್ಟಿಲ ಮೇಲೆ ಕೂತೆ. ಟ್ಯೂಷನ್ನಿಗೆ ಹೋಗುವ ಮಕ್ಕಳ ಸ್ಕೂಟರುಗಳ ಮಧ್ಯೆ ಅವಳ ಮಾತು ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ.

‘ಕುಡೀತಿದ್ದಿಲ್ಲ ಅಂತ ನಾನು ಹೇಳಲ್ಲವ್ವ’ ಎಂದಳು. ‘ಹಬ್ಬಕ್ಕೆ ಕುಡೀತಿದ್ದ, ಮೈಕೈ ನೋವಾದ್ರೆ ಕುಡೀತಿದ್ದ. ಆದ್ರೆ ಗೌಡ್ರ ಜೊತೆ ಹೊಳಿಗೆ ಹೋಗೋ ದಿನ ಬಾಯಿಗೆ ಹಾಕ್ತಿದ್ದಿಲ್ಲ. ಅವ್ರಿಗೆ ವಾಸನೆ ಆಗಲ್ಲ ಅಂತಿದ್ದ. ಹಿಂದಿನ ದಿನದಿಂದ್ಲೇ ಬಿಡ್ತಿದ್ದ.’

‘ಅವತ್ತು ಚಿಕ್ಕಪ್ಪನ ಜೊತೆ ಹೋಗಿದ್ದನಾ?’

‘ಮತ್ತೆ ಯಾರ ಜೊತೆ ಹೋಗ್ತಾನೆ? ಬೆಳಿಗ್ಗೆ ನಾನೇ ರೊಟ್ಟಿ ಕಟ್ಟಿ ಕೊಟ್ಟೀನಿ. ಗೌಡ್ರಿಗೆ ಬ್ಯಾರೆ ಬುತ್ತಿ ಬರ್ತೈತೆ, ನಮ್ಮದು ತಿನ್ನಲ್ಲ. ಆದ್ರೆ ನಮ್ಮ ಶೇಂಗಾ ಚಟ್ನಿ ಅಂದ್ರೆ ಅವ್ರಿಗೆ ಜೀವ. ಅದನ್ನ ಎಲ್ಯಾಗೆ ಕಟ್ಟಿ ಕೊಡ್ತಿದ್ದೆ. ಚಟ್ನಿಗೆ ಜಾತಿ ಇಲ್ಲ ನೋಡು.’

ಅವಳು ನಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಗಾಳ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಎರಡು ದಿನದ ಮೇಲೆ ಕೆಳಗಿನ ಮಡುವಿನಲ್ಲಿ ಮಾರಪ್ಪ ಸಿಕ್ಕಾಗ ಅವನ ಅಂಗಿಯ ತೋಳಿನಲ್ಲಿ ಸಿಕ್ಕಿಕೊಂಡಿತ್ತಂತೆ. ಒಳಗಿನ ಮುಳ್ಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ ಗಾಳ. ಮೀನು ತಿನ್ನುವವರು ಯಾರೂ ಹಾಗೆ ಉಜ್ಜುವುದಿಲ್ಲ, ಮೀನು ತಪ್ಪಿಸಿಕೊಳ್ಳುತ್ತದೆ. ಇಡೀ ತಾಲ್ಲೂಕಿನಲ್ಲಿ ಹಾಗೆ ಉಜ್ಜುವವರು ಒಬ್ಬರೇ. ಪಂಪ್‌ಸೆಟ್ ಮನೆಯ ಕಟ್ಟೆಯ ಮೇಲೆ ಕೂತು ಅರ ಹಿಡಿಯುವುದನ್ನು ನನಗೂ ಕಲಿಸಿದವರು.

ಪೊಲೀಸರಿಗೆ ತೋರಿಸಿದೆಯಾ ಎಂದೆ. ‘ತೋರಿಸಿದೆ. ಗಾಳ ಎಲ್ಲಾ ಅಂಗಡ್ಯಾಗೂ ಸಿಗ್ತಾವೆ ಅಂದ್ರು’ ಎಂದಳು. ಏನು ಬೇಕು ನಿನಗೆ ಎಂದೆ. ಆ ಪ್ರಶ್ನೆ ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. ‘ಕುಡಿದು ಸತ್ತ, ಕಳ್ಳಬಲೆ ಹಾಕಕ್ಕೆ ಹೋಗಿ ಸತ್ತ ಅಂತ ಬರೆದಾರಲ್ಲ, ಅದನ್ನ ಹೊಡೆದು ಹಾಕ್ಲಿ. ನನ್ನ ಮೊಮ್ಮಕ್ಳು ಅದನ್ನ ಕೇಳ್ತಾ ಬೆಳೀಬಾರ್ದು’ ಎಂದಳು.

ಅಷ್ಟೇ ಅವಳು ಕೇಳುತ್ತಿರುವುದು, ಚಿಕ್ಕಪ್ಪ. ಅದನ್ನು ಕೊಡಲು ಸಾಧ್ಯವಿರುವವರು ನೀವೊಬ್ಬರೇ.

ಕೆಂಪು ನೀರಿನಲ್ಲಿ ಏನು ಕಾಣುತ್ತದೆ ಎಂದು ಬರೆದಿದ್ದೀರಿ. ಅದನ್ನು ಓದಿ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಕೆಂಪು ನೀರಿನಲ್ಲಿ ತಳ ನೋಡಬೇಡ, ನೊರೆ ನೋಡು ಎಂದು ಕಲಿಸಿದ್ದು ನೀವು. ನೊರೆ ನೇರ ಹೋದರೆ ಕೆಳಗೆ ನೆಲ ಸಮ. ಚದುರಿದರೆ ಕಲ್ಲು. ಒಂದೇ ಕಡೆ ನಿಂತು ತಿರುಗಿದರೆ ಕೆಳಗೆ ಗುಂಡಿ, ಅಲ್ಲಿ ಕಾಲಿಡಬೇಡ. ನನ್ನ ಜಡೆ ಹಿಡಿದು ನಿಲ್ಲಿಸಿ ಹೇಳಿದ ಮಾತು ಅದು. ನಮ್ಮ ಹೊಲದ ದಂಡೆಯಲ್ಲಿ ಮಾರಪ್ಪ ಇಳಿಯುವ ಜಾಗ ಯಾವಾಗಲೂ ಮೊಣಕಾಲುದ್ದ. ಅಲ್ಲಿ ಗುಂಡಿ ಬಂದದ್ದು ಹೇಗೆ?

ಪರಶುರಾಮ ಹೇಳುವುದನ್ನು ನಂಬಬೇಕೋ ಬೇಡವೋ ತಿಳಿಯದು. ಬೇಸಿಗೆಯಲ್ಲಿ ಮರಳಿನ ಟ್ರ್ಯಾಕ್ಟರುಗಳು ಹೊಳೆಗೆ ಇಳಿದದ್ದು ನಮ್ಮ ಹೊಲದಿಂದಲೇ ಎನ್ನುತ್ತಾನೆ. ಸುಳ್ಳು ಎಂದು ನೀವು ಹೇಳಿದರೆ ನಂಬಲು ನನಗೆ ಈಗಲೂ ಆಸೆ ಇದೆ. ಆ ಆಸೆಯ ಮೇಲೂ ನನಗೆ ಸಿಟ್ಟಿದೆ.

ವಾಣಿ


ಕೊಕ್ಕನೂರು
೧೯ ಅಕ್ಟೋಬರ್ ೨೦೨೪

ವಾಣಿ,

ಮೂರು ಸಲ ಬರೆದು ಹರಿದು ಹಾಕಿದೆ. ನಿನಗೆ ಸುಳ್ಳು ಬರೆಯಾಕ ಕೈ ಬರಲ್ಲ. ಮೊದಲ್ನೇ ಕಾಗದದಾಗೆ ಹೆಂಗೆ ಬಂತೋ ಗೊತ್ತಿಲ್ಲ.

ಇದ್ದೆ. ನಾನು ಅಲ್ಲೇ ಇದ್ದೆ.

ಟ್ರ್ಯಾಕ್ಟರ್ ಹೋಗಿದ್ದೂ ಖರೆ. ನೆಲ್ಲು ಕೊಯ್ಯೋ ಮಿಷನ್ ಹೊಲಕ್ಕೆ ಬರಾಕ ದಾರಿ ಇದ್ದಿಲ್ಲ. ಮರಳಿನವ್ರು ಬಂದು ಗರಸು ಹಾಕಿ ದಾರಿ ಮಾಡಿಕೊಡ್ತೀವಿ ಅಂದ್ರು. ಹೂಂ ಅಂದೆ. ನಡೂಮಧ್ಯ ತಗೀರಿ, ದಂಡೆ ಕಡೆ ಬರಬ್ಯಾಡ್ರಿ ಅಂತ ಹೇಳಿದ್ದೆ. ಬ್ಯಾಸಗಿ ಬಿಸಿಲಾಗೆ ನಾನು ಹೋಗಿ ನೋಡಿಲ್ಲ.

ಅವತ್ತು ದೊಡ್ಡ ಬಾಳೆಮೀನು ಹಿಡೀತು. ಹೊಸ ನೀರಿಗೆ ಏರಿ ಬಂದಿದ್ದು. ಕೋಲು ಬಿಲ್ಲಿನಂಗೆ ಬಾಗಿತ್ತು. ಇಂಥದ್ದು ನನ್ನ ಆಯುಷ್ಯದಾಗೆ ಎರಡೋ ಮೂರೋ. ಸುಸ್ತಾಗಿ ದಂಡೆ ಕಡೆ ಬಂತು. ‘ಇಳೀಲೇನ್ರಿ ಗೌಡ್ರ’ ಅಂದ. ‘ಇಳಿ’ ಅಂದೆ.

ನೊರೆ ತಿರುಗ್ತಿತ್ತು, ವಾಣಿ. ಕಂಡೆ ನಾನು. ಮೀನು ಕೆಳಗೆ ತಿರುಗಿ ಮ್ಯಾಲೆ ನೊರೆ ತಿರುಗಿಸ್ತೈತೆ ಅನ್ಕಂಡೆ. ಅಷ್ಟು ದೊಡ್ಡ ಮೀನು ಇತ್ತು, ಹಂಗೆ ಅನ್ಸಿತು. ಅವನು ಎರಡು ಹೆಜ್ಜೆ ಇಟ್ಟ. ಮೂರನೇದಕ್ಕೆ ನೆಲ ಇದ್ದಿಲ್ಲ. ದಾರ ಹಿಡ್ಕಂಡ. ನಾನು ಎಳೆದೆ. ದಾರ ಕಿತ್ತು ಬಂತು. ಕೂಗಿದೆ. ಯಾರೂ ಇದ್ದಿಲ್ಲ.

ಮನಿಗೆ ಬಂದು ಸ್ನಾನ ಮಾಡಿ ಪೂಜೆಗೆ ಕೂತೆ. ಯಾಕ ಕೂತೆ ಅಂತ ಕೇಳಬ್ಯಾಡ. ಕೂತೆ.

ಈಗ ನೀ ಹೇಳು. ನಾನು ಸ್ಟೇಷನ್ನಿಗೆ ಹೋಗಿ ಏನಂತ ಬರೆಸ್ಲಿ? ಮಠದ ಸಮಿತಿ ಅಧ್ಯಕ್ಷ, ಮೀನು ಹಿಡಿಯಬಾರದ ತಿಂಗಳಾಗೆ ಗಾಳ ಹಾಕಿ ಕೂತಿದ್ದೆ ಅಂತ ಬರೆಸ್ಲಾ? ಸತ್ತವನಿಗೆ ಮಾನ ಹೋದ್ರೆ ತಿಳಿಯಲ್ಲ. ಬದುಕಿದೋರಿಗೆ ತಿಳೀತೈತೆ. ನಿನಗೆ ಹೇಳೀನಿ. ಅಷ್ಟಕ್ಕೆ ಬಿಡು.

ನಿನ್ನ ಚಿಕ್ಕಪ್ಪ


ವಿದ್ಯಾನಗರ, ದಾವಣಗೆರೆ
೮ ಡಿಸೆಂಬರ್ ೨೦೨೪

ಚಿಕ್ಕಪ್ಪ,

ಬಿಡಲಾರೆ.

ನಿಮ್ಮ ಪತ್ರ ಓದಿದ ಮೇಲೆ ಅನೇಕ ದಿನ ಏನೂ ಬರೆಯಲಾಗಲಿಲ್ಲ. ಮಾರಪ್ಪನ ಸಾವಿಗಾಗಿ ನಿಮ್ಮ ಮೇಲೆ ಸಿಟ್ಟಾಗಬೇಕೆಂದು ಕೂತರೆ ಆಗುತ್ತಿರಲಿಲ್ಲ. ನೊರೆ ಕಂಡು ಮೀನು ಎಂದುಕೊಂಡಿರಿ. ನಾನೇ ಕೋಲು ಹಿಡಿದಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆನೇನೋ. ಅದನ್ನು ಕ್ಷಮಿಸುವುದು ನನಗೆ ಸೇರಿದ ಕೆಲಸವಲ್ಲ. ನನ್ನ ಸಿಟ್ಟು ಅದಾದ ಮೇಲಿನದರ ಬಗ್ಗೆ. ಅವನು ನೀರಿನಲ್ಲಿರುವಾಗ ನೀವು ಮಡಿಯಲ್ಲಿ ಕೂತದ್ದರ ಬಗ್ಗೆ. ನಿಮ್ಮ ಕೈಗೆ ಮೀನಿನ ವಾಸನೆ ಹತ್ತಬಾರದೆಂದು ಜೀವಮಾನವೆಲ್ಲ ನೀರಿಗಿಳಿದವನ ಬಾಯಿಗೆ ಹೆಂಡದ ವಾಸನೆ ಹಚ್ಚಿದಿರಲ್ಲ, ಅದರ ಬಗ್ಗೆ. ಪಾಪ ಅವನ ಕೈಗೆ, ಖುಷಿ ನಿಮ್ಮ ಕೈಗೆ ಎಂಬ ಏರ್ಪಾಡನ್ನು ನಾನು ಮಗುವಾಗಿದ್ದಾಗ ಒಳ್ಳೆಯತನ ಎಂದುಕೊಂಡಿದ್ದೆ.

ಯಾರಿಗೆ ಗೊತ್ತಾಗಬಾರದೆಂದು ಇಷ್ಟೆಲ್ಲ? ಓಬವ್ವ ಹೇಳಿದಳು, ‘ಗೌಡ್ರು ಗಾಳ ಹಾಕೋದು ಊರಿಗೆಲ್ಲಾ ಗೊತ್ತೈತವ್ವ. ಸ್ವಾಮಿಗಳಿಗೂ ಗೊತ್ತೈತೆ. ಗೊತ್ತಿಲ್ಲ ಅಂತ ಗೌಡ್ರಿಗೆ ಮಾತ್ರ ಅನ್ಸಿರೋದು. ಪಾಪ ಅಂತ ಎಲ್ಲಾರೂ ಸುಮ್ನಿದ್ರು.’

ಹೋದ ವಾರ ಹೊಳೆಗೆ ಹೋಗಿದ್ದೆ. ನಿಮ್ಮ ಮನೆಗೆ ಬರಲಿಲ್ಲ. ಹರಿಹರದಿಂದ ಪರಶುರಾಮನ ಆಟೋದಲ್ಲಿ ಹೋದೆವು. ಚಳಿಗಾಲದ ನೀರು ನಿಮಗೆ ಗೊತ್ತಲ್ಲ, ಗಾಜು. ಮೀನೆಲ್ಲ ಆಳಕ್ಕೆ ಸೇರಿ ಹೊಳೆ ಖಾಲಿ ಇದ್ದ ಹಾಗೆ ಕಾಣುತ್ತಿತ್ತು. ಮಾರಪ್ಪ ಇಳಿಯುತ್ತಿದ್ದ ಜಾಗದಲ್ಲಿ ಮೊಣಕಾಲುದ್ದದ ನೆಲ ಹಾಸಿಗೆಯ ಹಾಗೆ ಎರಡು ಹೆಜ್ಜೆ ಇದೆ. ಆಮೇಲೆ ಕಡಿದ ಅಂಚು. ಮಳೆಗಾಲದ ಹೊಳೆ ಇಡೀ ಹರಿದರೂ ಅದು ತುಂಬಿಲ್ಲ. ಪರಶುರಾಮ ಹರಿಗೋಲಿನ ಗಳ ಇಳಿಸಿ ನೋಡಿದ, ತಳ ಸಿಗಲಿಲ್ಲ. ಗಳವನ್ನು ಒರೆಸಿ ಒರೆಸಿ ದಂಡೆಗೆ ಇಟ್ಟ.

ದಾರಿಯಲ್ಲಿ ಟ್ರ್ಯಾಕ್ಟರಿನ ಹೊಸ ಗಾಲಿಗುರುತುಗಳಿದ್ದವು. ಹಳೆಯವಲ್ಲ, ಈ ತಿಂಗಳಿನವು. ಅಲ್ಲೇ ಮೇಲುಗಡೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

ಓಬವ್ವನ ಅರ್ಜಿಯ ಮೇಲೆ ಹರಿಹರದಲ್ಲಿ ತಹಶೀಲ್ದಾರರು ಜನವರಿ ಇಪ್ಪತ್ತಕ್ಕೆ ಹೇಳಿಕೆ ತೆಗೆದುಕೊಳ್ಳುತ್ತಾರೆ. ನೀವು ಹೋಗಿ. ನಿಮ್ಮ ಬಾಯಿಂದಲೇ ಹೇಳಿ. ನಾನು ನಿಮ್ಮ ಪಕ್ಕದಲ್ಲಿ ಕೂರುತ್ತೇನೆ. ಇದು ಸಿಟ್ಟಿನಲ್ಲಿ ಹೇಳುತ್ತಿರುವ ಮಾತಲ್ಲ.

ವಾಣಿ


ಕೊಕ್ಕನೂರು
೨೯ ಡಿಸೆಂಬರ್ ೨೦೨೪

ವಾಣಿ,

ಟ್ರ್ಯಾಕ್ಟರ್ ನಿಲ್ಲಿಸೀನಿ. ದಾರಿಗೆ ಅಡ್ಡ ಬೇಲಿ ಹಾಕಿಸೀನಿ. ಓಬವ್ವನ ಮನಿಗೆ ಅಕ್ಕಿ ಕಳಿಸಿದ್ದೆ, ಗೇಟಿನ ಮುಂದೆ ವಾಪಸ್ ಇಟ್ಟು ಹೋಗ್ಯಾರೆ. ಕೋಳಿ ತಿಂತಾ ಇದ್ದವು.

ನಾನು ಹೋಗಲ್ಲ. ನನ್ನ ಕೈಲಿ ಆಗಲ್ಲ. ನೀನು ಹೋಗಬ್ಯಾಡ ಅಂತ ಹೇಳೋ ಬಾಯಿ ನನಗಿಲ್ಲ. ಆದ್ರೆ ಹೋಗೋಕೆ ಮುಂಚೆ ಒಂದ್ಸಲ ಬಾ. ನನ್ನ ಮುಂದೆ ಕೂಡು. ನನ್ನ ಮುಖ ನೋಡಿ, ಆಮ್ಯಾಲೆ ನಿನಗೆ ಹೆಂಗೆ ತಿಳೀತೈತೋ ಹಂಗೆ ಮಾಡು.

ಚಿಕ್ಕಮ್ಮಗೆ ಏನೂ ಗೊತ್ತಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ತೆಗೆದಿಟ್ಟೀನಿ ಅಂತ ಹೇಳಂದ್ಲು.

ಚಿಕ್ಕಪ್ಪ


ವಿದ್ಯಾನಗರ, ದಾವಣಗೆರೆ
೧೨ ಜನವರಿ ೨೦೨೫

ಚಿಕ್ಕಪ್ಪ,

ಬರುವುದಿಲ್ಲ. ಸಂಕ್ರಾಂತಿಗೂ ಬರುವುದಿಲ್ಲ.

ಯಾಕೆಂದು ನಿಮಗೂ ಗೊತ್ತು. ನಿಮ್ಮ ಮುಂದೆ ಕೂತರೆ ನಾನು ಸೋಲುತ್ತೇನೆ. ನೀವು ಏನೂ ಕೇಳಿಕೊಳ್ಳುವುದಿಲ್ಲ. ತಟ್ಟೆಯನ್ನು ನನ್ನ ಕಡೆ ಸರಿಸುತ್ತೀರಿ, ‘ಹೊಳೆ ಈಗ ತಿಳಿಯಾಗೈತೆ’ ಎನ್ನುತ್ತೀರಿ. ಚಿಕ್ಕಮ್ಮ ಬಂದು ನನ್ನ ತಲೆ ನೇವರಿಸುತ್ತಾರೆ. ಸಂಜೆಯ ಹೊತ್ತಿಗೆ ಮಾರಪ್ಪ ಸ್ವಲ್ಪ ಕುಡಿದಿರಲೂಬಹುದು ಎಂದು ನನಗೇ ಅನ್ನಿಸತೊಡಗುತ್ತದೆ. ನೀವು ಕರೆದದ್ದು ಅದಕ್ಕೇ ಎಂದು ಹೇಳುತ್ತಿಲ್ಲ. ಕರೆದರೆ ಆಗುವುದು ಅದು.

ಇದು ನ್ಯಾಯದ ಸಿಟ್ಟೋ, ನನ್ನ ಹೊಳೆಯನ್ನು ನೀವು ಕೆಡಿಸಿದಿರೆಂಬ ಸ್ವಾರ್ಥದ ಸಿಟ್ಟೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡೂ ಇದ್ದಾವು. ಓಬವ್ವನಿಗೆ ಆ ವ್ಯತ್ಯಾಸದಿಂದ ಏನಾಗಬೇಕು?

ನೀವು ನನಗೆ ಬರೆದ ಪತ್ರಗಳನ್ನು ನಾನು ಯಾರಿಗೂ ಕೊಡುವುದಿಲ್ಲ. ಅವು ನೀವು ನನಗೆ ಹೇಳಿದ್ದು. ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ. ಆ ಗಾಳ ಯಾರು ಉಜ್ಜಿದ್ದು ಎಂದು ಹೇಳುತ್ತೇನೆ. ನಿಮ್ಮ ಮೀನನ್ನು ಬಿಡಿಸಲು ಮಾರಪ್ಪ ಹೇಗೆ, ಎಲ್ಲಿ ಇಳಿಯುತ್ತಿದ್ದ ಎಂದು ಹೇಳುತ್ತೇನೆ. ಆ ಜಾಗದ ನೆಲ ಮೊದಲು ಹೇಗಿತ್ತು, ಈಗ ಹೇಗಿದೆ, ಗಾಲಿಗುರುತು ಯಾರ ಹೊಲದಲ್ಲಿದೆ ಎಂದು ಹೇಳುತ್ತೇನೆ. ನಾನು ಯಾರು ಎಂದು ಕೇಳಿದರೆ ಶಿವಮೂರ್ತಪ್ಪನವರ ಅಣ್ಣನ ಮಗಳು, ಹೊಳೆಯ ನೀರು ನೋಡುವುದನ್ನು ಅವರಿಂದಲೇ ಕಲಿತವಳು ಎನ್ನುತ್ತೇನೆ. ಅದನ್ನು ಹೇಳುವಾಗ ಮಾತು ನಿಲ್ಲಬಾರದೆಂದು ಮನೆಯಲ್ಲಿ ಒಬ್ಬಳೇ ಜೋರಾಗಿ ಹೇಳಿ ನೋಡಿದೆ. ‘ಅವರಿಂದಲೇ’ ಎಂಬಲ್ಲಿ ನಿಂತಿತು. ಇನ್ನೂ ದಿನಗಳಿವೆ.

ಆಮೇಲೆ ನಿಮ್ಮನ್ನು ಕರೆಸುತ್ತಾರೆ. ಆಗಲಾದರೂ ನಿಜ ಹೇಳುವಿರೋ, ಅಣ್ಣನ ಮಗಳಿಗೆ ತಲೆ ಕೆಟ್ಟಿದೆ ಎನ್ನುವಿರೋ, ನನಗೆ ತಿಳಿಯದು. ನಿಮ್ಮನ್ನು ಇಷ್ಟು ವರ್ಷ ನೋಡಿದ್ದೇನೆ, ಅಂದಾಜು ಮಾಡಲಾಗುತ್ತಿಲ್ಲ.

ಈ ಪತ್ರವನ್ನು ಇವತ್ತೇ ಡಬ್ಬಿಗೆ ಹಾಕಿದರೆ ಹಬ್ಬ ಮುಗಿಯುತ್ತಲೇ ನಿಮ್ಮ ಕೈಗೆ ಬರುತ್ತದೆ. ನೀವು ಎಳ್ಳುಬೆಲ್ಲ ಹಿಡಿದುಕೊಂಡು ಚಿಕ್ಕಮ್ಮನ ಜೊತೆ ಮೊದಲ ಬಸ್ಸಿಗೇ ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತೀರಿ. ಅದಕ್ಕೇ ಇದಕ್ಕೆ ಅಂಚೆಚೀಟಿ ಅಂಟಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ. ಹೇಳಿಕೆಗೆ ಸಹಿ ಹಾಕಿ ಕಚೇರಿಯಿಂದ ಹೊರಗೆ ಬಂದು, ಹರಿಹರದ ಪೋಸ್ಟಾಫೀಸಿನಲ್ಲೇ ಹಾಕುತ್ತೇನೆ.

ನಿಮ್ಮ ಅಣ್ಣನ ಮಗಳು
ವಾಣಿ

ಪೋಸ್ಟ್ ಮಾಡುವುದು: ಸೋಮವಾರ, ೨೦ ಜನವರಿ ೨೦೨೫